ಹಾಲಮ್ಮನ ಗಂಜಿ

ನಮ್ಮೂರಲ್ಲಿ ಜ್ವರ ಯಾರಿಂದ ಯಾರಿಗೆ ಬಂತು ಅನ್ನೋದನ್ನು ಸಂಜೆಯೊಳಗೆ ವಾರ್ಡ್ ಕಚೇರಿಯ ಬೋರ್ಡಿನಲ್ಲಿ ಬಾಣ ಎಳೆದು ತೋರಿಸುತ್ತೇವೆ. ಬಾಣ ಯಾರ ಹೆಸರಿನಿಂದ ಹೊರಟಿದೆಯೋ ಅವರು, ಮೈ ಹುಷಾರಾದ ಮೇಲೆ, ಅಂಟಿಸಿಕೊಂಡವರ ಮನೆಗೆ ಗಂಜಿ ಒಯ್ದು ತಪ್ಪಾಯಿತು ಅನ್ನಬೇಕು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ರೋಗಿಗಳ ವೈರಸ್ಸುಗಳ ವಂಶವಾಹಿಯ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ಆ ಬಾಣ ಎಳೆಯುವ ಕೆಲಸ ನನ್ನದು.

ಈ ಸಲ ಕಂಪ್ಯೂಟರಿನಲ್ಲಿ ಮೊದಲ ಬಾಣ ನನ್ನ ಹೆಸರಿನಿಂದಲೇ ಹೊರಟಿತು. ಕೆಮ್ಮಿದ್ದವರು ಮನೆಯಲ್ಲೇ ಇರಿ ಎಂದು ಮೈಕಿನಲ್ಲಿ ಕೂಗುವವಳೂ ನಾನೇ. ಕೆಮ್ಮುತ್ತಲೇ ಹೋಗಿ ಹಾಲಮ್ಮನ ಹತ್ತಿರ ಹೂವು ಕೊಂಡಿದ್ದೆ. ಆಕೆಯಿಂದ ಹನ್ನೊಂದು ಮನೆಗೆ ಹಬ್ಬಿತ್ತು. ಆಕೆಯ ವೈರಸ್ಸಿನಲ್ಲಿ ಹೊಸದಾಗಿ ಬದಲಾಗಿದ್ದ ಅಕ್ಷರವನ್ನು ನನ್ನದಕ್ಕೂ ಹಾಕಿ, ನನ್ನದು ಆಕೆಯದರ ನಂತರ ಹುಟ್ಟಿದ್ದೆಂದು ಕಾಣಲು ನನ್ನದರಲ್ಲಿ ಇನ್ನೊಂದಕ್ಷರವನ್ನೂ ತಿದ್ದಿದೆ. ಬಾಣ ತಿರುಗಿತು; ಬೋರ್ಡಿನಲ್ಲಿ ಅದು ಹಾಲಮ್ಮನಿಂದ ನನ್ನ ಕಡೆಗೆ ಬಂತು.

ಇವತ್ತು ಹಾಲಮ್ಮ ನಮ್ಮ ಬಾಗಿಲಿಗೆ ಬಂದಳು. ಹನ್ನೊಂದು ಮನೆ ಮುಗಿಸಿ ಬಂದಿದ್ದಳು, ಇನ್ನೂ ಏದುತ್ತಿದ್ದಳು.

"ತಪ್ಪಾತ್ರಿ ಮೇಡಂ. ಊರಿಗೆಲ್ಲ ಬುದ್ಧಿ ಹೇಳೋ ನಿಮಗೇ ಅಂಟಿಸಿಬಿಟ್ಟೆ."

"ಇರ್ಲಿ ಬಿಡ್ರಿ ಹಾಲಮ್ಮ," ಅಂದೆ, ಕ್ಷಮಿಸುವವಳ ಹಾಗೆ. ಡಬ್ಬಿ ಇನ್ನೂ ಬಿಸಿಯಿತ್ತು.

ಮೆಟ್ಟಿಲಿಳಿದವಳು ತಿರುಗಿ ನಿಂತಳು.

"ನಂಗೆ ಅಂಟಿಸಿದೋರ ಹೆಸರು ಬೋರ್ಡಿನಾಗ ಇಲ್ಲ ನೋಡ್ರಿ. ಗಂಜಿ ತಗೊಂಡು ನಮ್ಮನಿಗೆ ಯಾರೂ ಬರ್ಲಿಲ್ಲ. ಪಾಪ, ಏಳಾಕೂ ಆಗದಂಗ ಮಲಗ್ಯಾರೇನೋ. ಹುಡುಕಿ ಹೇಳ್ರಿ ಮೇಡಂ, ಅವರಿಗೂ ಒಂದು ಡಬ್ಬಿ ಗಂಜಿ ಕೊಟ್ಟು ಬರ್ತೀನಿ."