ಮೊದಲು ಓದಬೇಕಾದ ಪುಸ್ತಕ

ಮೀನಿನ ವಾಸನೆಯ ಅಂಗಿಯಲ್ಲೇ ಮಾರ್ಲೀನ್ ಬಂದರು ಊರಾದ ಪೋರ್ಟ್ ಲಿಂಕನ್ನಿನ ಗ್ರಂಥಾಲಯಕ್ಕೆ ನುಗ್ಗಿದಳು. ಶೆಡ್ಡಿನಲ್ಲಿ ಟ್ಯೂನಾ ಮೀನು ಕೊಯ್ಯುವ ಪಾಳಿ ಮುಗಿಸಿ ಇನ್ನೂ ಮನೆಗೂ ಹೋಗಿರಲಿಲ್ಲ.

“ಮನುಷ್ಯಕುಲ ನಾಶ ಆಗಲ್ಲ ಅಂತ ಸಾಬೀತು ಮಾಡೋ ಪುಸ್ತಕ ಇದೆಯಾ, ಡೆಲ್ಮಾ?”

ಗ್ರಂಥಪಾಲಕಿ ಡೆಲ್ಮಾ ಕನ್ನಡಕ ಸರಿಮಾಡಿಕೊಂಡಳು. “ಯಾರಿಗೆ?”

“ನನ್ನ ಮಗಳು ಬ್ರಿಯೋನಿಗೆ. ಹದಿನೇಳು ವರ್ಷ. ಅಣುಬಾಂಬು, ಹೊಸ ಹೊಸ ರೋಗ, ಮನುಷ್ಯರನ್ನೇ ಮೀರಿಸೋ ಯಂತ್ರ, ಮೂರು ಹೊತ್ತೂ ಅದೇ ಜಪ. ವಾರದಿಂದ ಸ್ಕೂಲಿಲ್ಲ, ನೆಟ್ಟಗೆ ಊಟ ಇಲ್ಲ. ‘ಏನೂ ಆಗಲ್ಲ ಕಣೆ’ ಅಂದ್ರೆ ದಡಾರನೆ ಬಾಗಿಲು ಹಾಕ್ಕೋತಾಳೆ.”

“ಅಂಥ ಪುಸ್ತಕ ಯಾರೂ ಬರೆದಿಲ್ಲ.” ಡೆಲ್ಮಾ ಒಳಗಿನ ಕಪಾಟಿನಿಂದ ತೆಳುವಾದ ಒಂದು ಪುಸ್ತಕ ತಂದಳು. “ಇದು ಹೊಸಬರಿಗೆ. ಯಾವ ಅಪಾಯ ಎಷ್ಟು ದೊಡ್ಡದು, ತಡೆಯೋಕೆ ಯಾರು ಏನು ಮಾಡ್ತಿದ್ದಾರೆ, ಎಲ್ಲಾ ಇದ್ದದ್ದು ಇದ್ದ ಹಾಗೆ ಹೇಳುತ್ತೆ. ಆದ್ರೆ ಅವಳಿಗಲ್ಲ. ಅವಳು ಇಷ್ಟೊತ್ತಿಗೆ ಇದನ್ನೆಲ್ಲ ಅರೆದು ಕುಡಿದಿರ್ತಾಳೆ. ನೀನು ಓದು.”

“ನಾನಾ? ಶಾಲೆ ಬಿಟ್ಟ ಮೇಲೆ ಫುಟ್‌ಬಾಲ್ ಸುದ್ದಿ ಬಿಟ್ರೆ ಬೇರೇನೂ ಓದಿದವಳಲ್ಲ ನಾನು!”

“ದಿನಕ್ಕೆ ಐದು ಪುಟ. ಸಾಕು.”

ಮರುದಿನದಿಂದ ಮಾರ್ಲೀನ್ ಚಹಾ ಬಿಡುವಿನಲ್ಲಿ ಐಸ್ ಪೆಟ್ಟಿಗೆಯ ಮೇಲೆ ಕೂತು ಓದತೊಡಗಿದಳು. ಜೊತೆಯವರು ಕೀಟಲೆ ಮಾಡಿದರು: “ಪ್ರಳಯ ಯಾವತ್ತಂತೆ ಮಾರ್ಲೀನ್? ಶುಕ್ರವಾರಕ್ಕೆ ಮುಂಚೆ ಆದ್ರೆ ಈಗ್ಲೇ ಹೇಳು, ನಾಳೆಯಿಂದ್ಲೇ ರಜಾ ಹಾಕ್ತೀನಿ.” ಅವಳೂ ನಕ್ಕಳು. ಆದರೆ ಎಂಟನೇ ದಿನ ಓದಿದ್ದು ನಗುವ ಹಾಗಿರಲಿಲ್ಲ. ಅದೇ ಪುಟವನ್ನು ಮತ್ತೊಮ್ಮೆ ಓದಿದಳು.

ಮಾರನೆಯ ದಿನ ಶನಿವಾರ. ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಾಗ, ನೀರಿಗೆಂದು ಬಂದ ಬ್ರಿಯೋನಿ ನಿಂತುಬಿಟ್ಟಳು.

“ನೀನು ಇದನ್ನ ಓದ್ತಿದ್ದೀಯಾ?”

“ನೀನು ಯಾವುದಕ್ಕೆ ಹೆದರಿದ್ದೀಯ ಅಂತ ತಿಳ್ಕೊಳ್ಳೋಣ ಅಂತ.”

“ತಿಳ್ಕೊಂಡ್ಯಲ್ಲ. ಈಗ ಹೇಳು, ಹೆದರಬೇಡ ಅಂತ.”

ಮಾರ್ಲೀನ್ ತೆರೆದ ಪುಟದ ಮೇಲೆ ಅಂಗೈ ಊರಿದಳು. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡಳು.

“ಇಲ್ಲ ಕಣೆ. ನನಗೂ ಹೆದರಿಕೆ ಆಯ್ತು.”

ಬ್ರಿಯೋನಿ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಎರಡು ತುಂಡು ಬ್ರೆಡ್ಡು ಟೋಸ್ಟ್ ಮಾಡಲಿಟ್ಟಳು. ಒಂದು ತನಗೆ.

“ಎಷ್ಟನೇ ಪುಟ?”

“ನಲವತ್ತೊಂದು.”

“ಮುಂದಿನ ಅಧ್ಯಾಯ ಸ್ವಲ್ಪ ಕಷ್ಟ.” ಅವಳು ಕುರ್ಚಿ ಎಳೆದುಕೊಂಡು ತಾಯಿಯ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಳು. “ಒಬ್ಬಳೇ ಓದಬೇಡಮ್ಮ. ನಾನಿದ್ದೀನಿ.”