ನೂರಕ್ಕೆ ತೊಂಬತ್ತೊಂಬತ್ತು

"ನೂರಕ್ಕೆ ತೊಂಬತ್ತೊಂಬತ್ತು ಸರಿ!" ಎಂದು ಸೂಪರ್‌ವೈಸರ್ ಯಂತ್ರದಿಂದ ಕಣ್ಣು ತೆಗೆದು ಹೇಳಿದ್ದೇ ತಡ, ದೊಡ್ಡ ಸೊಸೆಯ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಯಿತು. ಅವಳದು ತೊಂಬತ್ತಮೂರು. ತೊಂಬತ್ತೊಂಬತ್ತು ಪಕ್ಕದ ಸ್ಟೂಲಿನಲ್ಲಿ ಕೂತ ಓರಗಿತ್ತಿಯದು, ಮೈದುನನ ಹೆಂಡತಿಯಾದ ಚಿಕ್ಕವಳದು.

ಇಬ್ಬರದೂ ಕೋಳಿಮರಿ ಬೇರ್ಪಡಿಸುವ ಕೆಲಸ. ಮೊಟ್ಟೆಯೊಡೆದು ಒಂದು ದಿನವೂ ಆಗದ ಮರಿಯನ್ನೆತ್ತಿ, ದೀಪದ ಕೆಳಗೆ ಬಾಲ ಸರಿಸಿ ನೋಡಿ, ಹೆಣ್ಣಾದರೆ ಬಲದ ಪೆಟ್ಟಿಗೆಗೆ, ಗಂಡಾದರೆ ಎಡದ ಪೆಟ್ಟಿಗೆಗೆ. ಒಂದಕ್ಕೆ ಮೂರು ಸೆಕೆಂಡು. ಮರಿಯ ಒಳಗನ್ನು ತೋರಿಸುವ ಯಂತ್ರ ತಪ್ಪುವುದಿಲ್ಲ, ಆದರೆ ಆಮೆಗಿಂತ ನಿಧಾನ, ಪರೀಕ್ಷೆಗಷ್ಟೇ ಲಾಯಕ್ಕು. ದೊಡ್ಡವಳಿಗೆ ಇಲ್ಲಿ ಹನ್ನೊಂದು ವರ್ಷ, ಚಿಕ್ಕವಳಿಗೆ ಒಂದೂವರೆ. ನಾಳೆಯಿಂದ ಆರು ಜನ ಹೊಸ ಹುಡುಗಿಯರು ಬರುತ್ತಾರೆ. ಅವರಿಗೆ ಕಲಿಸುವವಳಿಗೆ ಬಿಳಿ ಕೋಟು, ಬೆನ್ನಿರುವ ಕುರ್ಚಿ.

"ಹಾಗಾದ್ರೆ ಇವಳೇ ಕಲಿಸ್ಲಿ," ಎಂದ ಸೂಪರ್‌ವೈಸರ್.

"ಕಲಿಸ್ಲಿ ಸಾರ್, ನಮ್ಮನೆ ಹುಡುಗಿ, ನಂಗೂ ಖುಷಿನೇ," ದೊಡ್ಡವಳು ಹಲ್ಲು ಕಚ್ಚಿಕೊಂಡೇ ನಕ್ಕಳು. "ಒಂದೇ ಒಂದು ಕೇಳಿ ನೋಡಿ. ಇದು ಹೆಣ್ಣು ಅಂತ ಅವಳಿಗೆ ಹೇಗೆ ಗೊತ್ತಾಯ್ತಂತೆ?"

ಚಿಕ್ಕವಳು ಪೆಚ್ಚಾದಳು. "ಹೇಗೆ ಅಂದ್ರೆ... ನೋಡಿದ್ರೆ ಗೊತ್ತಾಗತ್ತೆ ಸಾರ್."

"ಏನು ನೋಡಿದ್ರೆ?"

"ಅದು ಗೊತ್ತಿಲ್ಲ."

"ಕೇಳಿದ್ರಾ? ಕಾರಣ ಹೇಳೋಕೆ ಬರದೇ ಇರೋದನ್ನ ಗೊತ್ತಿದೆ ಅಂತಾರಾ ಸಾರ್? ಅದೃಷ್ಟ ಅಂತಾರೆ. ಆರು ಹುಡುಗೀರಿಗೆ ಅದೃಷ್ಟ ಕಲಿಸ್ತಾಳಾ ಇವಳು?"

ಸೂಪರ್‌ವೈಸರ್ ತಲೆ ಕೆರೆದುಕೊಂಡ. "ನೂರರಲ್ಲಿ ತೊಂಬತ್ತೊಂಬತ್ತು ಸಲ ಯಾರಿಗಮ್ಮ ಅದೃಷ್ಟ ಬರತ್ತೆ? ಆದ್ರೂ ನೀನು ಹೇಳೋದ್ರಲ್ಲಿ ಏನೋ ಇದೆ. ಊಟ ಆದ್ಮೇಲೆ ಇನ್ನೊಂದು ಮೂವತ್ತು ನೋಡೋಣ. ಒಂದೊಂದಕ್ಕೂ ಕಾರಣ ಹೇಳ್ಬೇಕು."

ಮನೆಯಲ್ಲೂ ಇದೇ ಕಥೆ. ದೊಡ್ಡವಳು ಚಮಚದಲ್ಲಿ ಅಳೆದು ಉಪ್ಪು ಹಾಕುತ್ತಾಳೆ, ಅತ್ತೆ ಮೂತಿ ಸೊಟ್ಟ ಮಾಡುತ್ತಾರೆ. ಚಿಕ್ಕವಳು ಫೋನಿನಲ್ಲಿ ಹರಟುತ್ತಲೇ ಒಂದು ಚಿಟಿಕೆ ಎಸೆಯುತ್ತಾಳೆ, ಮಾವ ತಟ್ಟೆ ನೆಕ್ಕುತ್ತಾರೆ. ಕೈಗುಣವಂತೆ! ಹಾಗಾದರೆ ಕಷ್ಟಪಟ್ಟು ಕಲಿತವರಿಗೆ ಕೈಯೇ ಇಲ್ಲವೇನು?

ಊಟದ ಕೋಣೆಯಲ್ಲಿ ಚಿಕ್ಕವಳು ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಕೂತಿದ್ದಳು. "ಅಕ್ಕಾ, ನಂಗೆ ಹೇಳ್ಕೊಡೇ. ಮಾನ ಹೋಗತ್ತೆ."

ದೊಡ್ಡವಳು ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ತನಗೆ ಗೊತ್ತಿದ್ದಷ್ಟನ್ನೂ ಧಾರಾಳವಾಗಿ ಬಿಚ್ಚಿಟ್ಟಳು. "ನೋಡು, ಅಲ್ಲೊಂದು ಸಾಸಿವೆಗಿಂತ ಸಣ್ಣ ಗುಳ್ಳೆ ಇರತ್ತೆ. ದುಂಡಗೆ ಹೊಳೀತಾ ಇದ್ರೆ ಗಂಡು. ಚಪ್ಪಟೆಯಾಗಿ ಮಂಕಾಗಿದ್ರೆ ಹೆಣ್ಣು. ಒತ್ತಿದಾಗ ಅಡಗಿಹೋದ್ರೂ ಹೆಣ್ಣೇ."

"ಅಯ್ಯೋ, ಅಷ್ಟೆಲ್ಲಾ ಇದ್ಯಾ ಅಲ್ಲಿ? ನಾನು ನೋಡೇ ಇಲ್ವಲ್ಲಕ್ಕಾ!"

"ಇನ್ಮೇಲೆ ನೋಡು ಪುಟ್ಟಿ," ಎಂದು ದೊಡ್ಡವಳು ತನ್ನ ಡಬ್ಬಿಯಿಂದ ಒಂದು ಪಾಲು ಅವಳಿಗೂ ಬಡಿಸಿದಳು. ಆ ವಾರದಲ್ಲಿ ದೊಡ್ಡವಳಿಗೆ ಅಷ್ಟು ಹಸಿವಾಗಿದ್ದು ಅದೇ ಮೊದಲು.

ಮಧ್ಯಾಹ್ನ ಚಿಕ್ಕವಳು ಮೊದಲ ಮರಿ ಎತ್ತಿಕೊಂಡಳು. ಕೈ ತನ್ನಷ್ಟಕ್ಕೇ ಬಲದ ಪೆಟ್ಟಿಗೆಯತ್ತ ಹೊರಟಿತು. ಅರ್ಧ ದಾರಿಯಲ್ಲಿ ಅವಳೇ ಅದನ್ನು ತಡೆದು, ಮರಿಯನ್ನು ಮತ್ತೆ ದೀಪಕ್ಕೆ ಹಿಡಿದಳು. "ಗುಳ್ಳೆ ದುಂಡಗಿದೆ ಸಾರ್, ಹೊಳೀತಿದೆ. ಗಂಡು." ಎಡದ ಪೆಟ್ಟಿಗೆ. ಸೂಪರ್‌ವೈಸರ್ ಯಂತ್ರದಲ್ಲಿ ನೋಡಿದ. ಹೆಣ್ಣು. ಮೂರನೆಯದಕ್ಕೂ ಹಾಗೆಯೇ, ಐದನೆಯದಕ್ಕೂ ಹಾಗೆಯೇ. ಕೈ ಹೊರಡುವುದು, ನಿಲ್ಲುವುದು, ವಾಪಸು ಬರುವುದು. ಕೈ ಮೊದಲು ಹೊರಟ ದಿಕ್ಕೇ ಪ್ರತಿ ಸಲವೂ ಸರಿ ಎನ್ನುವುದು ದೊಡ್ಡವಳೊಬ್ಬಳ ಕಣ್ಣಿಗೆ ಬಿತ್ತು. 'ಯೋಚ್ನೆ ಮಾಡ್ಬೇಡ, ಸುಮ್ನೆ ಹಾಕು' ಎಂದರೆ ಸಾಕಿತ್ತು. ಮಾತು ಗಂಟಲವರೆಗೂ ಬಂತು. ಗೋಡೆಗೆ ಒರಗಿಸಿಟ್ಟ ಕುರ್ಚಿಯನ್ನೊಮ್ಮೆ ನೋಡಿ ಆ ಮಾತನ್ನು ನುಂಗಿಕೊಂಡಳು. ಹತ್ತನೆಯ ಮರಿಯ ಹೊತ್ತಿಗೆ ಕೈ ತಾನಾಗಿ ಹೊರಡುವುದನ್ನೇ ಬಿಟ್ಟಿತು.

"ಮೂವತ್ತರಲ್ಲಿ ಹನ್ನೊಂದು ತಪ್ಪು," ಸೂಪರ್‌ವೈಸರ್ ದೊಡ್ಡವಳ ಕಡೆ ತಿರುಗಿದ. "ನೀನೇ ಕಲಿಸಮ್ಮ. ಬೆಳಿಗ್ಗೆ ಬಂದು ಕೋಟು ತಗೋ."

ಚಿಕ್ಕವಳು ಮುಖ ಸಪ್ಪಗೆ ಮಾಡಿಕೊಳ್ಳಲೂ ಇಲ್ಲ. "ನಿಂಗೆ ಸಿಕ್ಕಿದ್ರೇನು, ನಂಗೆ ಸಿಕ್ಕಿದ್ರೇನು, ಮನೆಗೇ ತಾನೇ ಬಂತು," ಎಂದು ನಕ್ಕಳು. ಆ ನಗುವೂ ಅವಳಿಗೆ ಎಷ್ಟು ಸಲೀಸು ಎಂದುಕೊಳ್ಳುತ್ತ ದೊಡ್ಡವಳು ತನ್ನ ದೀಪದತ್ತ ತಿರುಗಿದಳು.

ದಿನದ ಕೊನೆಯ ಟ್ರೇ ಬಂತು. ನಾಲ್ಕನೆಯ ಮರಿಯ ಗುಳ್ಳೆ ದುಂಡಗೂ ಇತ್ತು, ಒತ್ತಿದರೆ ಅಡಗುತ್ತಲೂ ಇತ್ತು. ನೂರಕ್ಕೆ ಏಳೆಂಟು ಇಂಥ ತಲೆಹರಟೆಗಳು ಬಂದೇ ಬರುತ್ತವೆ. ಪರೀಕ್ಷೆಯಿಲ್ಲದ ದಿನಗಳಲ್ಲಿ, ಒಂದೂವರೆ ವರ್ಷದಿಂದಲೂ, ದೊಡ್ಡವಳು ಅವನ್ನು ಯಾರಿಗೂ ಕಾಣದಂತೆ ಪಕ್ಕದ ಚಿಕ್ಕವಳ ಟ್ರೇಗೆ ಜಾರಿಸುತ್ತಿದ್ದಳು. ಈಗಲೂ ಅಭ್ಯಾಸಬಲದಿಂದ ಜಾರಿಸಿಬಿಟ್ಟಳು.

ಚಿಕ್ಕವಳು ಅದನ್ನೆತ್ತಿ ದೀಪಕ್ಕೆ ಹಿಡಿದಳು. ಒತ್ತಿ ನೋಡಿದಳು, ತಿರುಗಿಸಿ ನೋಡಿದಳು, ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ನೋಡಿದಳು. ಆಮೇಲೆ ಬೆಚ್ಚಗಿನ ಮರಿಯನ್ನು ಜೋಪಾನವಾಗಿ ದೊಡ್ಡವಳ ಅಂಗೈಯಲ್ಲಿಟ್ಟಳು.

"ನೀನೇ ಹೇಳಕ್ಕಾ. ನಿಂಗೆ ಗೊತ್ತಿರತ್ತಲ್ವಾ?"