ತುಟಿಯ ಸಾಕ್ಷಿ

ಮಿದುಳು ತೂತು ಮಾಡುವ ಕೆರೆತದ ರೋಗ ಕುರಿಗಳಿಂದ ಮನುಷ್ಯರಿಗೂ ಹತ್ತಿದ ಮೇಲೆ, ಸಂತೆಯ ಬಾಗಿಲಲ್ಲಿ ಜನರೂ ಕುರಿಗಳೂ ರೋಗ ಪತ್ತೆಹಚ್ಚುವ ಒಂದೇ ಯಂತ್ರದಡಿ ಹಾಯಬೇಕಿತ್ತು. ಕುರಿ ಕಾಯುವ ಮಾಳವ್ವನ ಟಗರಿಗೆ ಕೆಂಪು ದೀಪ ಹತ್ತಿತು.

"ಕೂದಲು ಉದುರೇತಿ, ರೋಗನ. ಇಡೀ ಹಿಂಡು ಸುಡಬೇಕ," ಎಂದ ಗೇಟಿನ ಸಾಹೇಬ.

ಮಾಳವ್ವನಿಗೆ ಮೈಯೆಲ್ಲ ಉರಿದುಹೋಯಿತು. "ಹೇನು ಬಿದ್ದು ಕಂಬಕ್ಕ ಮೈ ತಿಕ್ಕೇತ್ರಿ! ರೋಗ ಇದ್ರ ಬೆನ್ನು ಕೆರದಾಗ ತುಟಿ ತಾವ ಆಡ್ತಾವು. ನೋಡ್ರಿ!" ಕೆರೆದಳು. ಅದರ ತುಟಿ ಮಿಸುಕಲಿಲ್ಲ.

"ಯಂತ್ರಕ್ಕಿಂತ ನೀ ಶ್ಯಾಣ್ಯಾಕಿ ಏನಬೇ? ಇದು ಸುಳ್ಳು ಹೇಳೂದಿಲ್ಲ," ಎನ್ನುತ್ತ ಸಾಹೇಬ ತಾನೇ ಅದರಡಿ ನಿಂತ. ಹಸಿರು ಹತ್ತಿತು.

ರೊಚ್ಚಿಗೆದ್ದ ಮಾಳವ್ವ ಅವನ ಬೆನ್ನಿಗೇ ಕೈ ಹಾಕಿ ಬರಬರನೆ ಕೆರೆದಳು.

ಬೈಯಲು ತಿರುಗಿದವನ ತುಟಿಗಳು ಬರಿಬಾಯಲ್ಲೇ ಮೆಲ್ಲತೊಡಗಿದವು. ತಲೆಯ ಮೇಲೆ ದೀಪ ಹಸಿರಾಗಿಯೇ ಉರಿಯುತ್ತಿತ್ತು.